ಜೈಂಟ್ಸ್ ತಂಡವನ್ನು ಸ್ಯಾನ್ ಹೋಸೆಯಿಂದ ನೋಡುವುದು: ನನ್ನ ಅನುಭವ

ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಬೇಸ್‌ಬಾಲ್ ಆಟವನ್ನು ಆಸ್ಥೆಯಿಂದ ನೋಡಬೇಕೆಂದಿರುವವರಿಗೆ ನಾನು ಕೊಡುವ ಸಲಹೆ ಸ್ವಲ್ಪ ವಿಚಿತ್ರವೆನಿಸಬಹುದು. ಸಮುದ್ರದ ಅಂಚಿನಲ್ಲಿರುವ ಓರಾಕಲ್ ಪಾರ್ಕಿಗೆ ಮೊದಲು ಹೋಗಬೇಡಿ. ಅಲ್ಲಿಂದ ದಕ್ಷಿಣಕ್ಕೆ ಸುಮಾರು ಐವತ್ತು ಮೈಲಿ ದೂರದ ಸ್ಯಾನ್ ಹೋಸೆಯಲ್ಲಿ, 1942ರಲ್ಲಿ ಕಟ್ಟಿದ ಹಳೆಯ ಕಾಂಕ್ರೀಟ್ ಮೈದಾನದಲ್ಲಿ, ಅದೇ ಸಂಸ್ಥೆಯ ಕೆಳಹಂತದ ಹುಡುಗರು ಆಡುವುದನ್ನು ಎರಡು ಮೂರು ತಿಂಗಳು ನೋಡಿ. ಮೇಲಿನ ತಂಡದಲ್ಲಿ ಯಾರು ಯಾಕೆ ಆಡುತ್ತಿದ್ದಾರೆ ಎಂಬುದು ಆಮೇಲೆ ತಾನಾಗಿ ಅರ್ಥವಾಗತೊಡಗುತ್ತದೆ. ನಾನು ಬೇಸ್‌ಬಾಲನ್ನು ಕಲಿತದ್ದು ಹೀಗೆಯೇ. ಕೆಲಸದ ನಿಮಿತ್ತ ಈ ಊರಿಗೆ ಬಂದು ನೆಲೆಸಿದ ಬಹುಪಾಲು ಕನ್ನಡಿಗರಂತೆ ನಾನೂ ಕ್ರಿಕೆಟ್ ಬಿಟ್ಟು ಬೇರೇನೂ ತಿಳಿಯದವನಾಗಿದ್ದೆ. ಸ್ಯಾನ್ ಹೋಸೆಯ ಮೈದಾನ ಮನೆಗೆ ಹತ್ತಿರವಿತ್ತು, ಟಿಕೆಟ್ ಅಗ್ಗವಾಗಿತ್ತು, ಗಾಡಿ ನಿಲ್ಲಿಸುವುದು ಸುಲಭವಾಗಿತ್ತು. ಆರಂಭಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ವ್ಯವಸ್ಥೆಯನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಬೇಸ್‌ಬಾಲಿನ ಅತ್ಯುನ್ನತ ಹಂತವಾದ ಮೇಜರ್ ಲೀಗಿನ 30 ತಂಡಗಳಲ್ಲಿ ಪ್ರತಿಯೊಂದಕ್ಕೂ ಇಡೀ ಋತುವಿನುದ್ದಕ್ಕೂ ಆಡುವ ನಾಲ್ಕು ಮೈನರ್ ಲೀಗ್ ತಂಡಗಳಿವೆ. ಕೆಳಗಿನಿಂದ ಮೇಲಕ್ಕೆ ಹೇಳುವುದಾದರೆ, ಜೈಂಟ್ಸ್ ಸಂಸ್ಥೆಯಲ್ಲಿ ಸಿಂಗಲ್-ಎ ಹಂತದ ತಂಡ ಸ್ಯಾನ್ ಹೋಸೆ ಜೈಂಟ್ಸ್. ಹೈ-ಎ ಹಂತದ್ದು ಆರೆಗಾನ್ ರಾಜ್ಯದ ಯೂಜೀನ್ ಎಮರಲ್ಡ್ಸ್. ಡಬಲ್-ಎ ಹಂತದ್ದು ದೇಶದ ಇನ್ನೊಂದು ಕರಾವಳಿಯಲ್ಲಿ, ವರ್ಜೀನಿಯಾದ ರಿಚ್ಮಂಡಿನಲ್ಲಿರುವ ಫ್ಲೈಯಿಂಗ್ ಸ್ಕ್ವಿರಲ್ಸ್. ಟ್ರಿಪಲ್-ಎ ಹಂತದ್ದು ಸ್ಯಾಕ್ರಮೆಂಟೊ ರಿವರ್ ಕ್ಯಾಟ್ಸ್. ಇವುಗಳಿಗಿಂತಲೂ ಕೆಳಗೆ ಆರಿಜೋನಾದಲ್ಲಿಯೂ ಡೊಮಿನಿಕನ್ ರಿಪಬ್ಲಿಕ್‌ನಲ್ಲಿಯೂ ತರಬೇತಿ ಕೇಂದ್ರಗಳಿಗೆ ಸೇರಿದ ತಂಡಗಳಿವೆ, ಆದರೆ ಅವುಗಳ ಆಟಕ್ಕೆ ಪ್ರೇಕ್ಷಕರು ಇಲ್ಲವೆಂದೇ ಹೇಳಬೇಕು. ಈ ಎಲ್ಲ ತಂಡಗಳ ಆಟಗಾರರಿಗೂ ತರಬೇತುದಾರರಿಗೂ ಸಂಬಳ ಕೊಡುವುದು ಸ್ಯಾನ್ ಫ್ರಾನ್ಸಿಸ್ಕೊದ ಕಚೇರಿ. ಟಿಕೆಟ್ ಮಾರುವುದು, ಮೈದಾನ ನೋಡಿಕೊಳ್ಳುವುದು, ಜನರನ್ನು ರಂಜಿಸುವುದು ಸ್ಥಳೀಯ ಆಡಳಿತದ ಕೆಲಸ.

ರಣಜಿ ಟ್ರೋಫಿ ನೋಡಿ ಬೆಳೆದವರು ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಕರ್ನಾಟಕ ತಂಡ ಆಡುವುದು ರಣಜಿ ಗೆಲ್ಲುವುದಕ್ಕಾಗಿ; ಅದರ ನಾಯಕನಿಗೆ ಯಾರಿಂದ ಎಷ್ಟು ಓವರ್ ಬೌಲ್ ಮಾಡಿಸಬೇಕೆಂದು ಬೇರೆ ಊರಿನಿಂದ ಆದೇಶ ಬರುವುದಿಲ್ಲ. ಸ್ಯಾನ್ ಹೋಸೆಯ ಮ್ಯಾನೇಜರಿಗೆ ಗೆಲುವು ಎರಡನೆಯ ಮಾತು. ಯಾವ ಪಿಚರ್ ಎಷ್ಟು ಎಸೆತ ಎಸೆಯಬೇಕು, ಯಾವ ಹುಡುಗ ಯಾವ ಸ್ಥಾನದಲ್ಲಿ ನಿಲ್ಲಬೇಕು, ಯಾರು ಹೊಸದಾಗಿ ಕಲಿತ ಎಸೆತವನ್ನು ಪೆಟ್ಟು ಬಿದ್ದರೂ ಬಿಡದೆ ಪ್ರಯೋಗಿಸಬೇಕು ಎಂಬುದೆಲ್ಲ ಸಂಸ್ಥೆ ಹಾಕಿಕೊಟ್ಟ ಯೋಜನೆಯ ಪ್ರಕಾರ ನಡೆಯುತ್ತದೆ. ಆಟದ ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಮೊದಲ ನಾಲ್ಕರಲ್ಲಿ ಒಂದೂ ರನ್ ಕೊಡದ ಹುಡುಗನನ್ನು ಐದನೆಯದರಲ್ಲಿ ಹೊರಗೆ ಕರೆದರೆ ಹೊಸ ಪ್ರೇಕ್ಷಕರು ಬೇಸರಪಡುತ್ತಾರೆ, ಆದರೆ ಆ ಹುಡುಗನ ಮಟ್ಟಿಗೆ ಅಂದಿನ ಕೆಲಸ ಮುಗಿದಿರುತ್ತದೆ. ಆದ್ದರಿಂದ ಅಂಕಪಟ್ಟಿಯಲ್ಲಿ ತಂಡ ಎಷ್ಟನೆಯದು ಎಂಬುದನ್ನು ನಾನು ನೋಡುವುದೇ ಅಪರೂಪ. 2021ರಲ್ಲಿ ಸ್ಯಾನ್ ಹೋಸೆ, ಯೂಜೀನ್ ಎರಡೂ ತಮ್ಮ ತಮ್ಮ ಲೀಗಿನ ಪ್ರಶಸ್ತಿ ಗೆದ್ದವು. ಸಂತೋಷವಾಯಿತು, ಆದರೆ ನನ್ನ ಟಿಪ್ಪಣಿಗಳಲ್ಲಿ ಆ ವರ್ಷ ತುಂಬಿಕೊಂಡಿರುವುದು ಬೇರೆಯ ಸಂಗತಿಗಳು.

ವೇಳಾಪಟ್ಟಿಯಿಂದ ಸಿಗುವ ಅನುಕೂಲ ದೊಡ್ಡದು. 2021ರಿಂದ ಮೈನರ್ ಲೀಗಿನಲ್ಲಿ ಸಾಮಾನ್ಯವಾಗಿ ಒಂದು ತಂಡ ಇನ್ನೊಂದು ಊರಿಗೆ ಬಂದರೆ ಮಂಗಳವಾರದಿಂದ ಭಾನುವಾರದವರೆಗೆ ಆರು ಆಟ ಆಡಿ ಹೋಗುತ್ತದೆ, ಸೋಮವಾರ ಬಿಡುವು. ಕೆಳಹಂತಗಳಲ್ಲಿ ಆಟ ಆರಂಭಿಸುವ ಪಿಚರ್‌ಗೆ ಬಹುಮಟ್ಟಿಗೆ ವಾರಕ್ಕೊಮ್ಮೆ ಸರದಿ ಬರುವುದರಿಂದ, ಈ ಬುಧವಾರ ಎಸೆದ ಹುಡುಗನನ್ನು ಮುಂದಿನ ಬುಧವಾರವೇ ಮತ್ತೆ ಎದುರುನೋಡಬಹುದು. ನಾನು ಒಂದು ಋತುವಿಗೆ ಇಬ್ಬರು ಪಿಚರ್‌ಗಳನ್ನೂ ಮೂವರು ಬ್ಯಾಟರ್‌ಗಳನ್ನೂ ಮಾತ್ರ ಆರಿಸಿಕೊಳ್ಳುತ್ತೇನೆ. ಅದಕ್ಕಿಂತ ಹೆಚ್ಚಾದರೆ ಯಾರನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ. ಕುಳಿತುಕೊಳ್ಳುವುದು ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದೆ, ಸ್ವಲ್ಪ ಬಲಕ್ಕೋ ಎಡಕ್ಕೋ ಸರಿದು. ಅದೇ ಆಸುಪಾಸಿನಲ್ಲಿ ವೇಗ ಅಳೆಯುವ ರೇಡಾರ್ ಗನ್ ಹಿಡಿದ ಸ್ಕೌಟ್‌ಗಳೂ (ತಂಡಗಳಿಗಾಗಿ ಆಟಗಾರರನ್ನು ಪರಿಶೀಲಿಸುವವರು) ಕುಳಿತಿರುತ್ತಾರೆ. ಅವರು ಗನ್ ಎತ್ತುವುದನ್ನೂ ಇಳಿಸುವುದನ್ನೂ ಗಮನಿಸಿದರೆ ಯಾರ ಮೇಲೆ ಯಾರ ಕಣ್ಣಿದೆ ಎಂಬುದು ತಿಳಿದುಹೋಗುತ್ತದೆ.

ಸ್ಯಾನ್ ಹೋಸೆಯ ಮೈದಾನಕ್ಕೆ ಈಗಿನ ಹೆಸರು ಎಕ್ಸೈಟ್ ಬಾಲ್‌ಪಾರ್ಕ್. ಸುಮಾರು 4,000 ಜನ ಹಿಡಿಸುವ ಇದು ಊರಿನ ನಡುಭಾಗದಿಂದ ಸ್ವಲ್ಪವೇ ದಕ್ಷಿಣಕ್ಕಿದೆ. ಎದುರಾಳಿ ತಂಡದ ಒಬ್ಬ ಬ್ಯಾಟರ್‌ನನ್ನು ಆ ದಿನದ ‘ಬಿಯರ್ ಬ್ಯಾಟರ್’ ಎಂದು ಘೋಷಿಸುತ್ತಾರೆ. ಅವನು ಸ್ಟ್ರೈಕ್‌ಔಟ್ ಆದರೆ, ಅಂದರೆ ಮೂರು ಸ್ಟ್ರೈಕ್ ಸೇರಿ ಔಟಾದರೆ, ಸ್ವಲ್ಪ ಹೊತ್ತು ಬಿಯರ್ ಅರ್ಧ ಬೆಲೆಗೆ ಸಿಗುತ್ತದೆ. ಬೇಸ್‌ಬಾಲಿನ ಗಂಧವೂ ಇಲ್ಲದ ಅತಿಥಿಗಳು ಸ್ಟ್ರೈಕ್ ಎಂದರೇನೆಂದು ಐದು ನಿಮಿಷದಲ್ಲಿ ಕಲಿಯುವುದು ಇದರಿಂದಲೇ ಎಂಬುದನ್ನು ನಾನು ಅನೇಕ ಗೆಳೆಯರಲ್ಲಿ ಕಂಡಿದ್ದೇನೆ. ಮಾಂಸ ತಿನ್ನದವರಿಗೆ ಬೆಳ್ಳುಳ್ಳಿ ಹಾಕಿದ ಫ್ರೈಸ್ ಇದೆ. ಮನೆಯವರನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಮೈದಾನವಿಲ್ಲ.

ಅಂಕಿಅಂಶಗಳಿಗೆ ಬರೋಣ. ಬ್ಯಾಟಿಂಗ್ ಸರಾಸರಿಯನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಆಟಗಾರನ ವಯಸ್ಸನ್ನು. ಅದೇ ಲೀಗಿನಲ್ಲಿ ಅದೇ ಸಂಖ್ಯೆಯ ಹೋಮ್ ರನ್ (ಸಾಮಾನ್ಯವಾಗಿ ಗೋಡೆ ದಾಟುವ ಹೊಡೆತ) ಹೊಡೆದ 19ರ ಹುಡುಗನಿಗೂ 23ರ ಹುಡುಗನಿಗೂ ಇರುವ ಅಂತರ ಬಹಳ. ಎರಡನೆಯದಾಗಿ ನೋಡುವುದು ಸ್ಟ್ರೈಕ್‌ಔಟ್ ಮತ್ತು ವಾಕ್ (ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್), ಏಕೆಂದರೆ ಇವೆರಡರಲ್ಲಿ ಫೀಲ್ಡರ್‌ಗಳ ಕೈವಾಡವಾಗಲಿ ಮೈದಾನದ ಗಾತ್ರವಾಗಲಿ ಹೆಚ್ಚು ಬೆರೆಯುವುದಿಲ್ಲ. 2021ರಲ್ಲಿ ಕೈಲ್ ಹ್ಯಾರಿಸನ್ ಎಂಬ ಎಡಗೈ ಪಿಚರ್ ಸ್ಯಾನ್ ಹೋಸೆಯಲ್ಲಿ 99 ಇನ್ನಿಂಗ್ಸ್‌ಗಿಂತ ಕಡಿಮೆ ಎಸೆದು 157 ಸ್ಟ್ರೈಕ್‌ಔಟ್ ಗಳಿಸಿದರು. ಅವರು ಇದೇ ಬೇ ಏರಿಯಾದ ಕಾನ್ಕಾರ್ಡಿನ ಶಾಲೆಯಲ್ಲಿ ಆಡಿ ಬಂದವರು. ಅಂಥ ಸಂಖ್ಯೆಯನ್ನು ಅಲಕ್ಷಿಸುವುದು ಕಷ್ಟ, ಆದರೆ ಅದರ ಜೊತೆಗೇ ವಾಕ್‌ಗಳೂ ಹೆಚ್ಚಾಗಿದ್ದವು, ಮತ್ತು ಮುಂದೆ ಮೇಲಿನ ಹಂತಗಳಲ್ಲಿ ಅವರನ್ನು ಕಾಡಿದ್ದೂ ಅದೇ.

ಮೂರನೆಯದು ಊರಿನ ಗಾಳಿ, ಎತ್ತರ ಮತ್ತು ಮೈದಾನ. ರಿಚ್ಮಂಡ್ ತಂಡ 2025ರವರೆಗೆ ಆಡಿದ ‘ದಿ ಡೈಮಂಡ್’ ಎಂಬ ಮೈದಾನ ಬ್ಯಾಟರ್‌ಗಳ ಪಾಲಿಗೆ ಕಠಿಣವೆಂದು ಹೆಸರಾಗಿತ್ತು; ಅಲ್ಲಿ ಸಾಧಾರಣವಾಗಿ ಕಾಣುವ ಬ್ಯಾಟಿಂಗ್ ನಿಜಕ್ಕೂ ಒಳ್ಳೆಯದೇ ಇರಬಹುದು. ಸ್ಯಾಕ್ರಮೆಂಟೊದ ಕಥೆ ಇದಕ್ಕೆ ವಿರುದ್ಧ. ಆ ತಂಡ ಆಡುವ ಪೆಸಿಫಿಕ್ ಕೋಸ್ಟ್ ಲೀಗಿನಲ್ಲಿ ಆಲ್ಬುಕರ್ಕಿ, ರೀನೊ, ಸಾಲ್ಟ್ ಲೇಕ್ ಮುಂತಾದ ಎತ್ತರದ, ಒಣಹವೆಯ ಊರುಗಳಿವೆ. ತೆಳುವಾದ ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ತಿರುಗುವ ಎಸೆತಗಳು ಅಷ್ಟಾಗಿ ತಿರುಗುವುದಿಲ್ಲ. ಅಲ್ಲಿಂದ ಬಂದ ಪಿಚರ್‌ನ ಇಆರ್‌ಎ (ಫೀಲ್ಡರ್‌ಗಳ ತಪ್ಪು ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್‌ಗಳ ಸರಾಸರಿ) ಐದರ ಮೇಲಿದ್ದರೂ ನಾನು ಗಾಬರಿಯಾಗುವುದಿಲ್ಲ. ದೂರದ ತಂಡಗಳ ಆಟವನ್ನು ಮೈನರ್ ಲೀಗಿನ ನೇರಪ್ರಸಾರದಲ್ಲಿ ನೋಡುತ್ತೇನೆ. ರಿಚ್ಮಂಡಿನ ಗಡಿಯಾರ ನಮಗಿಂತ ಮೂರು ಗಂಟೆ ಮುಂದಿರುವುದರಿಂದ ಅಲ್ಲಿನ ಸಂಜೆಯ ಆಟ ನಮಗೆ ಮಧ್ಯಾಹ್ನವೇ ಆರಂಭವಾಗುತ್ತದೆ. ಕೆಲಸ ಮುಗಿಸಿ ಕೊನೆಯ ಮೂರು ಇನ್ನಿಂಗ್ಸ್ ನೋಡಲು ಸರಿಯಾಗುತ್ತದೆ. ಸ್ಯಾಕ್ರಮೆಂಟೊಕ್ಕೆ ಮಾತ್ರ ಆಗಾಗ ಗಾಡಿಯಲ್ಲೇ ಹೋಗಿ ಬರುತ್ತೇನೆ. 2025ರಿಂದ ಆ ಮೈದಾನವನ್ನು ಓಕ್ಲೆಂಡ್ ಬಿಟ್ಟು ಬಂದ ಅಥ್ಲೆಟಿಕ್ಸ್ ತಂಡವೂ ಹಂಚಿಕೊಂಡಿರುವುದರಿಂದ ಯಾವ ದಿನ ಯಾರ ಆಟವೆಂದು ನೋಡಿಕೊಂಡು ಹೊರಡಬೇಕು.

ಹೀಗೆ ಕೆಳಗಿನಿಂದ ನೋಡುವುದರ ಫಲ ಏನೆಂದು ಕೇಳುವವರಿಗೆ ಹಳಬರು ಹೇಳುವ ಉದಾಹರಣೆ 2009ರದ್ದು. ಆ ವರ್ಷದ ಏಪ್ರಿಲ್‌ನಲ್ಲಿ ಸ್ಯಾನ್ ಹೋಸೆ ತಂಡದಲ್ಲಿ ಕ್ಯಾಚರ್ ಆಗಿ ಬಸ್ಟರ್ ಪೋಸಿ, ಪಿಚರ್ ಆಗಿ ಮ್ಯಾಡಿಸನ್ ಬಮ್‌ಗಾರ್ನರ್ ಇದ್ದರು. ಮರುವರ್ಷ ಮೇಜರ್ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ನಾಲ್ಕನೆಯ ಆಟದಲ್ಲಿ, 21 ವಯಸ್ಸಿನ ಬಮ್‌ಗಾರ್ನರ್ ಟೆಕ್ಸಸ್ ರೇಂಜರ್ಸ್ ವಿರುದ್ಧ ಎಂಟು ಇನ್ನಿಂಗ್ಸ್ ಎಸೆದು ಒಂದು ರನ್ನನ್ನೂ ಕೊಡಲಿಲ್ಲ. ಅವರ ಎಸೆತಗಳನ್ನು ಹಿಡಿಯುತ್ತಿದ್ದ ಪೋಸಿ ಹೋಮ್ ರನ್ ಹೊಡೆದರು. ಸ್ಯಾನ್ ಫ್ರಾನ್ಸಿಸ್ಕೊಕ್ಕೆ 1958ರಲ್ಲಿ ಬಂದ ಮೇಲೆ ಜೈಂಟ್ಸ್ ಗೆದ್ದ ಮೊದಲ ವರ್ಲ್ಡ್ ಸೀರೀಸ್ ಅದು. ಅದೇ ಪೋಸಿ 2024ರ ಶರತ್ಕಾಲದಿಂದ ಇಡೀ ಸಂಸ್ಥೆಯ ಬೇಸ್‌ಬಾಲ್ ವ್ಯವಹಾರಗಳ ಅಧ್ಯಕ್ಷರು.

ಆದರೆ ನನಗೆ ಹೆಚ್ಚು ಕಲಿಸಿದ ಆಟಗಾರರೆಂದರೆ ಎಲಿಯಟ್ ರಾಮೋಸ್. ಪೋರ್ಟರಿಕೊದ ಈ ಹುಡುಗನನ್ನು, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2017ರ ಡ್ರಾಫ್ಟ್‌ನಲ್ಲಿ, 19ನೆಯ ಆಯ್ಕೆಯಾಗಿ ತೆಗೆದುಕೊಂಡರು. 2019ರಲ್ಲಿ ಸ್ಯಾನ್ ಹೋಸೆಯಲ್ಲಿ ಚೆನ್ನಾಗಿ ಆಡಿದರು. 2022ರ ಏಪ್ರಿಲ್‌ನಲ್ಲಿ ಮೇಜರ್ ಲೀಗ್ ಮುಟ್ಟಿದರು, ಅಲ್ಲಿ ನಿಲ್ಲಲಿಲ್ಲ. ಎರಡು ವರ್ಷ ಸ್ಯಾಕ್ರಮೆಂಟೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಓಡಾಡಿದರು. ಭರವಸೆಯ ಆಟಗಾರರ ಪಟ್ಟಿ ತಯಾರಿಸುವವರು ಹೊಸ ಹೆಸರುಗಳ ಹಿಂದೆ ಹೋಗಿದ್ದರು. 2024ರ ಮೇ ತಿಂಗಳಲ್ಲಿ ಗಾಯಾಳುಗಳ ಜಾಗಕ್ಕೆ ಮೇಲೆ ಬಂದ ರಾಮೋಸ್ ಎರಡೇ ತಿಂಗಳಲ್ಲಿ ಆಲ್-ಸ್ಟಾರ್ ಆದರು, ಅಂದರೆ ಆಯ್ದ ಶ್ರೇಷ್ಠ ಆಟಗಾರರ ಪಂದ್ಯಕ್ಕೆ ಆಯ್ಕೆಯಾದರು; ಜೈಂಟ್ಸ್ ಸಂಸ್ಥೆಯಲ್ಲೇ ಬೆಳೆದ ಔಟ್‌ಫೀಲ್ಡರ್ ಒಬ್ಬರಿಗೆ 1986ರ ಚಿಲಿ ಡೇವಿಸ್ ನಂತರ ಈ ಗೌರವ ಸಿಕ್ಕಿದ್ದು ಅದೇ ಮೊದಲು. ಆ ಸೆಪ್ಟೆಂಬರ್‌ನಲ್ಲಿ ಅವರು ಹೊಡೆದ ಹೋಮ್ ರನ್ ಓರಾಕಲ್ ಪಾರ್ಕಿನ ಬಲಗಡೆಯ ಗೋಡೆ ದಾಟಿ ಅದರಾಚೆಯ ಮೆಕವಿ ಕೋವ್‌ನ ನೀರಿಗೆ ನೇರವಾಗಿ ಬಿತ್ತು. 2000ದಲ್ಲಿ ತೆರೆದ ಆ ಮೈದಾನದಲ್ಲಿ ಜೈಂಟ್ಸ್ ಪರ ಬಲಗೈ ಬ್ಯಾಟರ್ ಒಬ್ಬರು ಹಾಗೆ ಹೊಡೆದದ್ದು ಅದೇ ಮೊದಲ ಸಲ. ಸ್ಯಾನ್ ಹೋಸೆಯ ಕಾಲದಿಂದಲೂ ಅವರ ಪೆಟ್ಟಿನ ಬಲ ಮೈದಾನದ ಆ ದಿಕ್ಕಿಗೂ ಇದೆ ಎಂದು ಬಲ್ಲವರಿಗೆ ಅದರಲ್ಲಿ ಆಶ್ಚರ್ಯ ಕಡಿಮೆ, ಸಂತೋಷ ಹೆಚ್ಚು.

ಎಲ್ಲರ ಹಾದಿಯೂ ಹೀಗಲ್ಲ. ಬ್ರೈಸ್ ಎಲ್ಡ್ರಿಜ್ ಎಂಬ ಆರಡಿ ಏಳಂಗುಲದ ಹುಡುಗ 2024ರ ಒಂದೇ ಋತುವಿನಲ್ಲಿ ಸ್ಯಾನ್ ಹೋಸೆ, ಯೂಜೀನ್, ರಿಚ್ಮಂಡ್, ಸ್ಯಾಕ್ರಮೆಂಟೊ ನಾಲ್ಕನ್ನೂ ದಾಟಿದರು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗಿನಲ್ಲಿದ್ದರು. ಮಾರ್ಕೊ ಲೂಸಿಯಾನೊ ಅವರನ್ನು 2018ರಲ್ಲಿ 26 ಲಕ್ಷ ಡಾಲರ್ ಕೊಟ್ಟು ಡೊಮಿನಿಕನ್ ರಿಪಬ್ಲಿಕ್‌ನಿಂದ ಕರೆತಂದರು. 2021ರಲ್ಲಿ ಸ್ಯಾನ್ ಹೋಸೆಯ ಪ್ರೇಕ್ಷಕರೆಲ್ಲ ಬರುತ್ತಿದ್ದುದೇ ಅವರ ಬ್ಯಾಟಿಂಗ್ ನೋಡಲು ಎಂಬಂತಿತ್ತು, ಆದರೆ 2023ರಲ್ಲಿ ಮೇಲೆ ಹೋದರೂ ಅವರಿಗೆ ಅಲ್ಲಿ ನೆಲೆ ಸಿಗಲಿಲ್ಲ. ಇನ್ನು ಹ್ಯಾರಿಸನ್ ಅವರನ್ನು 2025ರ ಜೂನ್‌ನಲ್ಲಿ, 2024ರ ಮೊದಲ ಸುತ್ತಿನ ಆಯ್ಕೆಯಾಗಿದ್ದ ಜೇಮ್ಸ್ ಟಿಬ್ಸ್ ಮತ್ತು ಇನ್ನಿಬ್ಬರ ಜೊತೆಗೆ, ರಫಾಯೆಲ್ ಡೆವರ್ಸ್ ಅವರಿಗಾಗಿ ಬಾಸ್ಟನ್ನಿಗೆ ಕೊಟ್ಟುಬಿಟ್ಟರು. ಕೆಳಗಿನ ತಂಡಗಳು ಆಟಗಾರರನ್ನು ಬೆಳೆಸುವುದು ತಮ್ಮ ಮನೆಗಾಗಿ ಮಾತ್ರವಲ್ಲ, ಪೇಟೆಗಾಗಿಯೂ ಹೌದು. ನಾನು ಮೆಚ್ಚಿದ ಹುಡುಗ ಹೀಗೆ ಹೋದಾಗ ಬೇಜಾರಾಗುತ್ತದೆ, ಆದರೆ ಡೆವರ್ಸ್‌ರಂಥ ಬ್ಯಾಟರ್ ಬೇರೆ ಹೇಗೂ ಸಿಗುತ್ತಿರಲಿಲ್ಲ.

ಇದೆಲ್ಲ ಅರ್ಥವಾಗಬೇಕಾದರೆ 40 ಜನರ ರೋಸ್ಟರ್ ಎಂಬ ಪಟ್ಟಿಯನ್ನು ಓದಲು ಕಲಿಯಲೇಬೇಕು. ಪ್ರಸಿದ್ಧ ಆಟಗಾರರ ಸಂದರ್ಶನಗಳಿಗಿಂತ ನನಗೆ ಅದು ರುಚಿ. ಮೇಜರ್ ಲೀಗಿನ ಆಟಕ್ಕೆ ಸಿದ್ಧರಿರುವವರು 26 ಜನ. ಉಳಿದ ಹದಿನಾಲ್ಕರಷ್ಟು ಜನ ಪಟ್ಟಿಯಲ್ಲಿದ್ದೂ ಕೆಳಗಿನ ತಂಡಗಳಲ್ಲಿ ಆಡುತ್ತಿರುತ್ತಾರೆ ಅಥವಾ ಗಾಯಗೊಂಡಿರುತ್ತಾರೆ. ಪಟ್ಟಿಯಲ್ಲಿರುವವನನ್ನು ಕೆಳಗೆ ಕಳುಹಿಸುವುದಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳ ‘ಆಪ್ಷನ್’ ಇರುತ್ತದೆ; ಅದು ಮುಗಿದ ಮೇಲೆ ಕಳುಹಿಸಬೇಕಾದರೆ ಉಳಿದ ತಂಡಗಳಿಗೆ ಅವನನ್ನು ಎತ್ತಿಕೊಳ್ಳುವ ಅವಕಾಶ ಕೊಡಬೇಕು. ಚೆನ್ನಾಗಿ ಆಡುತ್ತಿರುವ ಒಬ್ಬನನ್ನು ಬಿಟ್ಟು ಮಂಕಾಗಿ ಆಡುವ ಇನ್ನೊಬ್ಬನನ್ನು ಯಾಕೆ ಉಳಿಸಿಕೊಂಡರು ಎಂದು ಜನ ಸಿಟ್ಟಾಗುವಾಗ, ಹತ್ತರಲ್ಲಿ ಆರೇಳು ಸಲ ಉತ್ತರ ಈ ಆಪ್ಷನ್ ಲೆಕ್ಕದಲ್ಲಿರುತ್ತದೆ.

ನಿಯಮಗಳ ಬದಲಾವಣೆಯೂ ಕೆಳಗೇ ಮೊದಲು ಕಾಣುತ್ತದೆ. ಪಿಚರ್ ಇಷ್ಟು ಸೆಕೆಂಡಿನೊಳಗೆ ಎಸೆಯಬೇಕೆಂಬ ಗಡಿಯಾರ ಮೇಜರ್ ಲೀಗಿಗೆ ಬಂದದ್ದು 2023ರಲ್ಲಿ. ಸ್ಯಾನ್ ಹೋಸೆ ಆಡುವ ಲೀಗಿನಲ್ಲಿ ಅದರ ಪ್ರಯೋಗ 2021ರಲ್ಲೇ ನಡೆದಿತ್ತು, ಮೂರು ಗಂಟೆ ಮೀರುತ್ತಿದ್ದ ಆಟಗಳು ಗಮನಾರ್ಹವಾಗಿ ಚಿಕ್ಕದಾದದ್ದನ್ನು ನಾವು ಅಲ್ಲೇ ಕುಳಿತು ಕಂಡೆವು. ಅದೇ ವರ್ಷ ಮೇಜರ್ ಲೀಗ್ ಇಡೀ ಮೈನರ್ ಲೀಗಿನ ವ್ಯವಸ್ಥೆಯನ್ನು ತನ್ನ ಕೈಗೆ ತೆಗೆದುಕೊಂಡು ತಂಡಗಳನ್ನು 120ಕ್ಕೆ ಇಳಿಸಿತ್ತು. ಜೈಂಟ್ಸ್ ಸಂಸ್ಥೆಗೆ ಸೇರಿದ್ದ ಆರೆಗಾನಿನ ಸೇಲಮ್-ಕೈಜರ್ ವಾಲ್ಕೆನೋಸ್ ತಂಡ ಆಗ ನಂಟು ಕಳೆದುಕೊಂಡಿತು. ಸಣ್ಣ ಊರುಗಳ ಕೈಯಿಂದ ಆಟ ಜಾರುವುದು ನನಗೆ ಸರಿಯೆನಿಸಲಿಲ್ಲ, ಈಗಲೂ ಎನಿಸುವುದಿಲ್ಲ. ಆದರೆ ಆಟಗಾರರ ಬದುಕು ಆಮೇಲೆ ಸುಧಾರಿಸಿತು ಎಂಬುದನ್ನೂ ಒಪ್ಪಬೇಕು. 2022ರಲ್ಲಿ ಅವರು ಕಾರ್ಮಿಕ ಸಂಘ ಸೇರಿದರು. 2023ರ ಒಪ್ಪಂದದಲ್ಲಿ ಸಿಂಗಲ್-ಎ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 26,200 ಡಾಲರ್, ಟ್ರಿಪಲ್-ಎ ಆಟಗಾರನದು 35,800 ಡಾಲರ್ ಎಂದು ನಿಗದಿಯಾಯಿತು. ಸ್ಯಾನ್ ಹೋಸೆಯ ಬಾಡಿಗೆ ಬಲ್ಲವರಿಗೆ ಇದು ದೊಡ್ಡ ಮೊತ್ತವೇನಲ್ಲ. ಆದರೆ ವಸತಿಯನ್ನು 2022ರಿಂದ ಸಂಸ್ಥೆಯೇ ಒದಗಿಸುತ್ತದೆ.

ಆಟವಿಲ್ಲದ ಚಳಿಗಾಲದಲ್ಲಿಯೂ ನನಗೆ ಕೆಲಸವಿರುತ್ತದೆ. ನವೆಂಬರ್‌ನಲ್ಲಿ ಯಾರನ್ನು 40ರ ಪಟ್ಟಿಗೆ ಸೇರಿಸಿದರು, ಯಾರನ್ನು ಬಿಟ್ಟರು ಎಂದು ನೋಡುತ್ತೇನೆ. ನಾಲ್ಕೈದು ವರ್ಷ ಸಂಸ್ಥೆಯಲ್ಲಿದ್ದೂ ಪಟ್ಟಿಗೆ ಸೇರದವರನ್ನು ಡಿಸೆಂಬರ್‌ನ ‘ರೂಲ್ ಫೈವ್’ ಡ್ರಾಫ್ಟ್‌ನಲ್ಲಿ ಬೇರೆ ತಂಡ ಎತ್ತಿಕೊಳ್ಳಬಹುದು, ಆದರೆ ಹಾಗೆ ಎತ್ತಿಕೊಂಡವರು ಮುಂದಿನ ಇಡೀ ಋತು ಅವನನ್ನು ಮೇಜರ್ ಲೀಗಿನಲ್ಲೇ ಇಟ್ಟುಕೊಳ್ಳಬೇಕು, ಇಲ್ಲವಾದರೆ ಹಿಂದಿರುಗಿಸಲು ಸಿದ್ಧರಿರಬೇಕು. ಸಂಸ್ಥೆ ತನ್ನ ಹುಡುಗರ ಬಗ್ಗೆ ನಿಜವಾಗಿ ಏನೆಂದುಕೊಂಡಿದೆ ಎಂಬುದು ಪತ್ರಿಕಾಗೋಷ್ಠಿಯಲ್ಲಿ ತಿಳಿಯುವುದಿಲ್ಲ, ಆ ಒಂದು ದಿನದ ಪಟ್ಟಿಯಲ್ಲಿ ತಿಳಿಯುತ್ತದೆ. ಫೆಬ್ರವರಿ ಕೊನೆಯಲ್ಲಿ ಆರಿಜೋನಾದ ಸ್ಕಾಟ್ಸ್‌ಡೇಲಿನಲ್ಲಿ ತರಬೇತಿಯ ಆಟಗಳು ಆರಂಭವಾಗುವ ಹೊತ್ತಿಗೆ ನಾನು ಆ ವರ್ಷದ ಐವರನ್ನು ಆರಿಸಿಕೊಂಡಿರುತ್ತೇನೆ. ಅವರಲ್ಲಿ ಒಬ್ಬನಾದರೂ ಹಿಂದಿನ ವರ್ಷ ಸ್ಯಾನ್ ಹೋಸೆಯಲ್ಲಿ ಸೋತು ಅದೇ ಹಂತಕ್ಕೆ ಮರಳುತ್ತಿರುವವನಾಗಿರಬೇಕೆಂಬುದು ನಾನು ಹಾಕಿಕೊಂಡ ಕಟ್ಟಳೆ.