ಚೀನಾದ ಪ್ರೌಢಶಾಲಾ ಸೈನಿಕ ತರಬೇತಿ: ವಿದೇಶಿ ವಿದ್ಯಾರ್ಥಿಯನ್ನು ಅಣಿಗೊಳಿಸುವ ಬಗೆ

ಚೀನಾದಲ್ಲಿ ಹಿರಿಯ ಪ್ರೌಢಶಾಲೆಗೆ, ಎಂದರೆ ಹತ್ತನೆಯ ತರಗತಿಗೆ, ಸೇರುವ ಮಕ್ಕಳು ಸಾಮಾನ್ಯವಾಗಿ ಪುಸ್ತಕ ತೆರೆಯುವ ಮೊದಲೇ ಮೈದಾನಕ್ಕೆ ಇಳಿಯುತ್ತಾರೆ. ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರ್ ಮೊದಲಲ್ಲೋ ಒಂದರಿಂದ ಎರಡು ವಾರ ನಡೆಯುವ ಈ ತರಬೇತಿಯನ್ನು ಅಲ್ಲಿ ‘ಚ್ಯೂನ್ ಶ್ಯೂನ್’ ಎನ್ನುತ್ತಾರೆ. 2001ರಲ್ಲಿ ಜಾರಿಗೆ ಬಂದು 2024ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾನೂನು ಇದಕ್ಕೆ ಆಧಾರ. ಆದರೆ ವಿದೇಶಿ ವಿದ್ಯಾರ್ಥಿಯನ್ನು ಸಾಲಿನಲ್ಲಿ ನಿಲ್ಲಿಸುವ ವಿಷಯದಲ್ಲಿ ಎಲ್ಲ ಶಾಲೆಗಳ ರೂಢಿ ಒಂದೇ ಅಲ್ಲ. ಆದ್ದರಿಂದ ತರಬೇತಿ ಕಡ್ಡಾಯವೇ, ಅದು ಶಾಲೆಯ ಅಂಗಳದಲ್ಲೋ ಊರ ಹೊರಗಿನ ಶಿಬಿರದಲ್ಲೋ, ಮೊಬೈಲನ್ನು ಒಪ್ಪಿಸಬೇಕೇ, ಆಯುಧದ ಪಾಠವೇನಾದರೂ ಇದೆಯೇ ಎಂಬುದನ್ನು ತರಗತಿ ಶಿಕ್ಷಕರಿಗೆ ಮುಂಚೆಯೇ ಪತ್ರ ಬರೆದು ಲಿಖಿತ ಉತ್ತರ ಪಡೆಯಬೇಕು.

ಇದೇ ದಿನಗಳಲ್ಲಿ ಕಾಗದಪತ್ರಗಳ ಕೆಲಸವೂ ಬೀಳುತ್ತದೆ. ದೀರ್ಘಾವಧಿಯ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಚೀನಾ ಪ್ರವೇಶಿಸಿದ 30 ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕಾಗುತ್ತದೆ. ಅರ್ಜಿಯ ವಿಲೇವಾರಿ ಮುಗಿಯುವವರೆಗೆ ಪಾಸ್‌ಪೋರ್ಟು ಪೊಲೀಸ್ ಇಲಾಖೆಯ ವಶದಲ್ಲಿ ಇರಬಹುದು. ತರಬೇತಿಗೆ ಹೊರಡುವಾಗ ಅದರ ರಸೀದಿಯೂ ಪಾಸ್‌ಪೋರ್ಟಿನ ನಕಲೂ ಚೀಲದಲ್ಲಿರಲಿ.

ಸಿದ್ಧತೆಯೆಂದ ಕೂಡಲೇ ಪೋಷಕರು ಮಕ್ಕಳನ್ನು ಓಡಿಸಲು ಶುರುಮಾಡುತ್ತಾರೆ. ಮೈಯನ್ನು ಪಳಗಿಸುವುದು ಬೇಕಾದದ್ದೇ, ಆದರೆ ನನ್ನ ಅಭಿಪ್ರಾಯದಲ್ಲಿ ಮೊದಲು ಪಳಗಬೇಕಾದದ್ದು ಕಿವಿ. ಭಾಷೆ ಅರೆಬರೆ ಬರುವ ಹುಡುಗ ಪಕ್ಕದವನನ್ನು ನೋಡಿ ತಿರುಗುತ್ತಾನೆ, ಅರ್ಧ ಕ್ಷಣ ತಡವಾಗುತ್ತದೆ, ಆ ಅರ್ಧ ಕ್ಷಣ ಇಡೀ ಸಾಲಿನಲ್ಲಿ ಎದ್ದು ಕಾಣುತ್ತದೆ. ‘ಶ್ಯಾಂಗ್ ತ್ಸ್ವೊ ಚ್ವಾನ್’ ಎಂದರೆ ಎಡಕ್ಕೆ ತಿರುಗು, ‘ಶ್ಯಾಂಗ್ ಯೋ ಚ್ವಾನ್’ ಎಂದರೆ ಬಲಕ್ಕೆ, ‘ಶ್ಯಾಂಗ್ ಹೋ ಚ್ವಾನ್’ ಎಂದರೆ ಹಿಂದಕ್ಕೆ. ಮೊದಲ ಪದವೂ ಕೊನೆಯ ಪದವೂ ಒಂದೇ ಆಗಿರುವುದರಿಂದ ಕಿವಿ ಹಿಡಿಯಬೇಕಾದದ್ದು ನಡುವಿನ ಒಂದು ಅಕ್ಷರವನ್ನು ಮಾತ್ರ. ಆಜ್ಞೆಯ ಮೊದಲ ಭಾಗವನ್ನು ಎಳೆದು ಹೇಳಿ ಕೊನೆಯ ಅಕ್ಷರವನ್ನು ಸಿಡಿಸುತ್ತಾರೆ. ಮೈ ಅಲುಗಬೇಕಾದದ್ದು ಆ ಸಿಡಿತಕ್ಕೇ ಹೊರತು ಅದಕ್ಕೆ ಮೊದಲಲ್ಲ. ನಡೆಯಲು ಹೇಳುವ ‘ಛೀ ಪೂ ತ್ಸೋ’ ಎಂಬ ಆಜ್ಞೆಯಲ್ಲಿ ‘ಛೀ ಪೂ’ ಎಂದು ಎಳೆಯುವಾಗ ಸುಮ್ಮನಿದ್ದು, ‘ತ್ಸೋ’ ಎಂದಾಗ ಎಡಗಾಲು ಮುಂದಿಡಬೇಕು. ನಡೆಯುವಾಗ ಕೂಗುವ ‘ಈ, ಅರ್, ಈ’ (ಒಂದು, ಎರಡು, ಒಂದು) ಎಂಬ ಎಣಿಕೆಯಲ್ಲಿ ‘ಈ’ ಎಂಬುದು ಎಡಗಾಲಿನದು.

ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ. ಚೀನೀ ಭಾಷೆಯೂ ಅಲ್ಪಪ್ರಾಣ, ಮಹಾಪ್ರಾಣಗಳನ್ನು ಬೇರ್ಪಡಿಸುತ್ತದೆ. ರೋಮನ್ ಲಿಪಿಯಲ್ಲಿ ‘b’, ‘g’ ಎಂದು ಬರೆಯುವ ಅಕ್ಷರಗಳು ಅಲ್ಲಿ ನಮ್ಮ ಪ, ಕಗಳಿಗೆ ಹತ್ತಿರ. ಹಾಗಾಗಿ ‘ವರದಿ’ ಎಂಬ ಅರ್ಥದ ಪದವನ್ನು ‘ಬಾವ್ ಗಾವ್’ ಎನ್ನುವುದಕ್ಕಿಂತ ‘ಪಾವ್ ಕಾವ್’ ಎಂದರೆ ಸರಿಯಾಗಿ ಮುಟ್ಟುತ್ತದೆ. ಇದೇ ಅತಿ ಮುಖ್ಯವಾದ ಪದವೂ ಹೌದು: ಮೂಗು ತುರಿಸಬೇಕಾದರೂ, ಸಾಲಿಗೆ ತಡವಾಗಿ ಸೇರಬೇಕಾದರೂ, ತಲೆ ಸುತ್ತಿದರೂ ಮೊದಲು ‘ಪಾವ್ ಕಾವ್’ ಎಂದು ಗಟ್ಟಿಯಾಗಿ ಕೂಗಿ ತರಬೇತುದಾರರ ಅನುಮತಿಗೆ ಕಾಯಬೇಕು. ಹೆಸರು ಕರೆದಾಗ ‘ತಾವ್’ ಎಂದು ಓಗೊಡಬೇಕು.

ನಿಲ್ಲುವ ಭಂಗಿಯನ್ನು ಕನ್ನಡಿಯ ಮುಂದೆ ಕಲಿಯುವುದು ಒಳ್ಳೆಯದು. ‘ಲೀ ಚಂಗ್’, ಎಂದರೆ ಸಾವಧಾನ, ಎಂದಾಗ ಹಿಮ್ಮಡಿಗಳು ಕೂಡಿ, ಪಾದಗಳ ನಡುವೆ ಸುಮಾರು 60 ಡಿಗ್ರಿ ಕೋನವಿದ್ದು, ಮಧ್ಯದ ಬೆರಳು ಪ್ಯಾಂಟಿನ ಪಕ್ಕದ ಹೊಲಿಗೆಯ ಮೇಲೆ ಒತ್ತಿರಬೇಕು. ‘ಶಾವ್ ಶೀ’ ಎಂಬ ವಿಶ್ರಾಂತಿಯ ಭಂಗಿಯಲ್ಲಿ ಎಡಪಾದವನ್ನು ಅದರ ಬೆರಳು ತೋರುವ ದಿಕ್ಕಿಗೆ ಪಾದದ ಉದ್ದದ ಸುಮಾರು ಮೂರನೆಯ ಎರಡು ಭಾಗದಷ್ಟು ಮುಂದೆ ಚಾಚುತ್ತಾರೆ. ಕಾಲು ಅಗಲಿಸಿ, ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುವ ಕವಾಯತಿಗೆ ಒಗ್ಗಿದ ಮಕ್ಕಳು ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಕದಲದೆ ನಿಲ್ಲುವುದನ್ನು ಮೂರು ವಾರ ಮೊದಲೇ, ದಿನಕ್ಕೆ ಐದು ನಿಮಿಷದಿಂದ ಶುರುಮಾಡಿ ಇಪ್ಪತ್ತು ನಿಮಿಷದವರೆಗೆ ಏರಿಸಬಹುದು. ಮಂಡಿಯನ್ನು ಬಿಗಿದು ಅಲುಗದೆ ನಿಂತರೆ ರಕ್ತ ಕಾಲುಗಳಲ್ಲೇ ತಂಗಿ ಕಣ್ಣು ಕತ್ತಲಿಡುತ್ತದೆ. ಶೂಗಳೊಳಗೆ ಕಾಲ್ಬೆರಳನ್ನು ಮಡಿಸಿ ಬಿಡಿಸುತ್ತಾ, ಮೀನಖಂಡವನ್ನು ಬಿಗಿದು ಸಡಿಲಿಸುತ್ತಾ ಇದ್ದರೆ ಹೊರಗೆ ಯಾರಿಗೂ ಕಾಣದು, ರಕ್ತಸಂಚಾರವೂ ನಡೆಯುತ್ತದೆ. ಆಸ್ತಮಾ, ಹೃದಯದ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದರೆ ವೈದ್ಯರ ಪ್ರಮಾಣಪತ್ರವನ್ನು ಚೀನೀ ಅನುವಾದದೊಂದಿಗೆ ಮೊದಲ ದಿನವೇ ಒಪ್ಪಿಸಬೇಕು. ಸಂಕೋಚದಿಂದ ಮುಚ್ಚಿಡುವುದು ಅಪಾಯಕರ.

ಸಮವಸ್ತ್ರದ ಜೊತೆ ಕೊಡುವ ಶೂಗಳ ಅಡಿ ತೆಳುವಾಗಿರುವುದುಂಟು. ದಪ್ಪನೆಯ ಒಳಹಾಸನ್ನು ಕೊಂಡೊಯ್ಯಬೇಕು. ಅಲ್ಲಿನ ವಿದ್ಯಾರ್ಥಿಗಳು ಸ್ಯಾನಿಟರಿ ಪ್ಯಾಡನ್ನೇ ಒಳಹಾಸಾಗಿ ಬಳಸುವುದು ಹೆಸರಾದ ಉಪಾಯ, ಹುಡುಗರೂ ಇದಕ್ಕೆ ನಾಚುವುದಿಲ್ಲ. ಸೆಕೆಗೆ ‘ಹ್ವೊ ಶ್ಯಾಂಗ್ ಚಂಗ್ ಛೀ’ ಎಂಬ ಕಹಿ ದ್ರವವನ್ನು ಕುಡಿಸುವ ರೂಢಿಯಿದೆ. ಅದರ ಒಂದು ಬಗೆಯಲ್ಲಿ ಮದ್ಯಸಾರ ಗಣನೀಯವಾಗಿರುವುದರಿಂದ, ಸೆಫಲೋಸ್ಪೊರಿನ್ ಜಾತಿಯ ಪ್ರತಿಜೀವಕ ತೆಗೆದುಕೊಳ್ಳುತ್ತಿರುವವರೂ ಮದ್ಯಸಾರ ಸೇವಿಸದವರೂ ಅದನ್ನು ಬೇಡವೆನ್ನಬೇಕು.

ಸಸ್ಯಾಹಾರ, ಅಲರ್ಜಿ ಮುಂತಾದುವನ್ನು ಚೀನೀ ಅಕ್ಷರಗಳಲ್ಲಿ ಬರೆದ ಚೀಟಿಯನ್ನು ಊಟದ ಕಿಟಕಿಯಲ್ಲಿ ತೋರಿಸುವುದು ಮಾತಿಗಿಂತ ಸುಲಭ. ಶಿಬಿರದಲ್ಲಿ ತಂಗುವುದಾದರೆ ಹೊದಿಕೆ ಮಡಿಸುವುದೂ ಒಂದು ಪಾಠ. ತೋಫುವಿನ ತುಂಡಿನಂತೆ ಅಂಚು ಚೂಪಾಗಿ ನಿಲ್ಲಬೇಕೆಂಬುದು ನಿಯಮ. ಮಡಿಸುವ ಮೊದಲು ಹೊದಿಕೆಯನ್ನು ನೆಲದ ಮೇಲೆ ಹರಡಿ ಮೊಣಕೈಯಿಂದ ಒತ್ತಿ ಗಾಳಿ ಹೊರಹಾಕಿ, ಮಡಿಕೆ ಬೀಳುವಲ್ಲಿ ಅಂಗೈ ಅಂಚಿನಿಂದ ಗೆರೆ ಕೊರೆದರೆ ಅರ್ಧ ಕೆಲಸ ಮುಗಿದಂತೆ.

ಕೊನೆಯ ದಿನ ಗಣ್ಯರ ಮುಂದೆ ಪಥಸಂಚಲನ ನಡೆಯುತ್ತದೆ. ಅಲ್ಲಿನ ಸೇನೆಯ ಕವಾಯತು ನಿಯಮದಂತೆ ಒಂದು ಹೆಜ್ಜೆಯ ಅಳತೆ ಸುಮಾರು 75 ಸೆಂಟಿಮೀಟರು. ಮನೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ಅಷ್ಟಷ್ಟು ದೂರಕ್ಕೆ ಗೆರೆ ಎಳೆದು, ನಿಮಿಷಕ್ಕೆ 120ರ ಆಸುಪಾಸಿನ ಹೆಜ್ಜೆಯಂತೆ ನಡೆದು ರೂಢಿಸಿಕೊಂಡ ವಿದ್ಯಾರ್ಥಿ ಸಾಲಿನಲ್ಲಿ ಹಿಂದೆ ಬೀಳುವುದಿಲ್ಲ.