ಇಬ್ರೇ ಇದ್ದಾಗ ಏಜ್ ಆಫ್ ಸ್ಟೀಮ್: ನಾವು ಮಾಡ್ಕೊಂಡ ಬದಲಾವಣೆಗಳು

ಮಾರ್ಟಿನ್ ವಾಲೇಸ್ 2002ರಲ್ಲಿ ತಂದ ಏಜ್ ಆಫ್ ಸ್ಟೀಮ್ 3ರಿಂದ 6 ಜನ ಆಡೋ ರೈಲ್ವೆ ಬೋರ್ಡ್ ಗೇಮ್, ಹಳಿ ಹಾಕಿ, ಸರಕು ಅಂತ ಇರೋ ಬಣ್ಣದ ಕ್ಯೂಬನ್ನ ಅದೇ ಬಣ್ಣದ ಊರಿಗೆ ಸಾಗಿಸಿ ಆದಾಯ ಮಾಡೋದು. ಮೊದ್ಲು ನಾವು ನಾಲ್ಕು ಜನ ಆಡ್ತಿದ್ವಿ, ಇಬ್ರು ಕೆಲಸ ಅಂತ ಬೇರೆ ಊರಿಗೆ ಹೋದ್ರು, ಉಳಿದಿದ್ದು ನಾನು ಮತ್ತೆ ನಮ್ಮಕ್ಕ. ಡಬ್ಬ ಅಟ್ಟಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ, ಇಬ್ರೇ ಆಡೋಣ ಅಂತ ಕೂತ್ವಿ.

ಮೊದಲನೇ ಸಲ ಯಾವ ರೂಲೂ ಬದಲಾಯಿಸ್ದೆ ಆಡಿದ್ವಿ. ಬೋರ್ಡ್ ಮೇಲಿನ ಅಮೆರಿಕ ಮ್ಯಾಪಲ್ಲಿ ಅಕ್ಕ ಪಿಟ್ಸ್‌ಬರ್ಗ್ ಕಡೆ, ನಾನು ಚಿಕಾಗೋ ಕಡೆ, ಮೂರು ಗಂಟೆ ಆಡಿದ್ರೂ ಒಬ್ರ ಹಳಿ ಇನ್ನೊಬ್ರಿಗೆ ತಾಗ್ಲೇ ಇಲ್ಲ. "ಏನೋ ಇದು, ನಿನ್ ಪಾಡಿಗೆ ನೀನು ನನ್ ಪಾಡಿಗೆ ನಾನು, ಆಟ ಎಲ್ಲಿದ್ಯೋ?" ಅಂದ್ಲು. ನಿಜಾನೇ. ಈ ಗೇಮಲ್ಲಿ ಮಜಾ ಇರೋದೇ ಇಕ್ಕಟ್ಟಲ್ಲಿ, ಜನ ಕಮ್ಮಿ ಆದ್ರೆ ಜಾಗಾನೂ ಕಮ್ಮಿ ಆಗ್ಬೇಕು.

ಸರಿ, ಚಿಕಾಗೋದಿಂದ ಪಶ್ಚಿಮಕ್ಕಿರೋ ಭಾಗದ ಮೇಲೆ ಪೇಪರ್ ಹಾಸಿ ಮುಚ್ಚಿದ್ವಿ. ಸರಕು ಬರೋಕೆ ಆಡೋರು ಎಷ್ಟು ಜನವೋ ಅಷ್ಟು ದಾಳ ಹಾಕ್ಬೇಕು ಅಂತ ರೂಲ್, 2 ದಾಳಕ್ಕೆ ಬೋರ್ಡು ಬಣಗುಡ್ತಿತ್ತು, 3 ಹಾಕ್ತೀವಿ, ಮುಚ್ಚಿರೋ ಊರಿನ ನಂಬರ್ ಬಿದ್ರೆ ಅದು ಹೋಯ್ತು ಅಷ್ಟೇ. ಮೂರು ಜನಕ್ಕೆ 10 ಸುತ್ತು ಇದೆ, ನಾವು 8ಕ್ಕೆ ನಿಲ್ಲಿಸ್ತೀವಿ.

ಯಾರು ಮೊದ್ಲು ಆಡ್ಬೇಕು ಅಂತ ನಡೆಯೋ ಹರಾಜು ಸ್ವಲ್ಪ ತಲೆ ತಿಂತು. ಮೂಲ ರೂಲಲ್ಲಿ ಮೊದ್ಲು ಕೈಬಿಟ್ಟು ಕೊನೇ ಸ್ಥಾನಕ್ಕೆ ಹೋದೋರು ಏನೂ ಕೊಡ್ಬೇಕಿಲ್ಲ. ಇಬ್ರೇ ಇದ್ರೆ ಏನಾಗುತ್ತೆ ಅಂದ್ರೆ ಎದುರಿನೋರ ಕಾಸು ಖರ್ಚು ಮಾಡ್ಸೋಕಂತಾನೇ ರೇಟ್ ಏರ್ಸೋದು, ಆಮೇಲೆ ಪುಕ್ಸಟ್ಟೆ ಬಿಟ್ಟು ಹೋಗೋದು. ಹಂಗಾಗಿ ಕೈಬಿಟ್ಟೋರೂ ತಾವು ಕೂಗಿದ್ರಲ್ಲಿ ಅರ್ಧ ಕೊಡ್ಬೇಕು ಅಂತ ಮಾಡಿದ್ವಿ, ಸುಮ್‌ಸುಮ್ನೆ ಕೂಗೋದು ಅವತ್ತಿಗೇ ನಿಂತೋಯ್ತು. ಪ್ರತಿ ಸುತ್ತಲ್ಲೂ ಒಬ್ಬೊಬ್ರು ಒಂದೊಂದು ಆರಿಸ್ಕೊಳ್ಳೋ ವಿಶೇಷ ಆಕ್ಷನ್ 7 ಇದಾವೆ, ಇಬ್ರಿಗೆ ಅಷ್ಟು ಇದ್ರೆ ಯಾರಿಗೂ ಏನೂ ಕೈತಪ್ಪಲ್ಲ. ಚೀಟಿ ಬರೆದು ಕಲೆಸಿ 3 ತೆಗೆದಿಡ್ತೀವಿ. ಒಂದ್ಸಲ ಮೂರು ಸುತ್ತು ಸತತವಾಗಿ ಅರ್ಬನೈಸೇಶನ್, ಅಂದ್ರೆ ಹೊಸ ಊರು ಇಡೋ ಆಕ್ಷನ್, ಹೊರಗೆ ಹೋಯ್ತು, ಕಪ್ಪು ಕ್ಯೂಬ್ ಇಳಿಸ್ಬೇಕಂದ್ರೆ ಕಪ್ಪು ಬಣ್ಣದ ಹೊಸ ಊರು ಬೇಕು, ಅದಿಲ್ದೆ ಐದಾರು ಕ್ಯೂಬ್ ಹಂಗೇ ಕೊಳೀತಾ ಇದ್ವು. ಅವತ್ತಿಂದ ಆ ಚೀಟಿ ಮಾತ್ರ ಯಾವಾಗ್ಲೂ ಟೇಬಲ್ ಮೇಲೇ ಇರುತ್ತೆ.

ನನಗೆ ತುಂಬಾ ಇಷ್ಟ ಆಗಿದ್ದು ಸರ್ಕಾರಿ ಲೈನ್. ಬಳಸ್ದೇ ಇರೋ ಒಂದು ಬಣ್ಣ ತಗೊಂಡು, ಪ್ರತಿ ಸುತ್ತು ನಮ್ಮ ಹಳಿ ಹಾಕಿ ಆದ್ಮೇಲೆ ಒಂದ್ಸಲ ಅಕ್ಕ ಒಂದ್ಸಲ ನಾನು ಅದರ 2 ಹಳಿ ಟೈಲ್ ಹಾಕ್ತೀವಿ. ಅದರ ಮೇಲೆ ಸರಕು ಸಾಗಿಸ್ಬಹುದು, ಇಂಜಿನ್ ಲೆವೆಲ್ ಎಷ್ಟೋ ಅಷ್ಟು ಲಿಂಕ್ (ಊರಿಂದ ಊರಿಗಿರೋ ಹಳಿ) ದಾಟ್ಬಹುದಲ್ಲ, ಆ ಲೆಕ್ಕದಲ್ಲಿ ಒಂದು ಲಿಂಕ್ ಖರ್ಚಾಗುತ್ತೆ, ಆದಾಯ ಮಾತ್ರ ಯಾರಿಗೂ ಇಲ್ಲ. ಹೋದ ವಾರ ನಾನು ಶೇರ್ ಮಾರಿ ಇಂಜಿನ್ 4ಕ್ಕೆ ಏರ್ಸಿ, ಒಂದು ಕೆಂಪು ಕ್ಯೂಬಿಗೆ ನಾಲ್ಕೂ ಲಿಂಕ್ ನಂದೇ ಆಗೋ ದಾರಿ ಲೆಕ್ಕ ಹಾಕಿಟ್ಟಿದ್ದೆ, ಡೆಟ್ರಾಯಿಟ್ ಪಕ್ಕ ಎರಡು ಟೈಲ್ ಬಾಕಿ ಇತ್ತು ಅಷ್ಟೇ. ಅಕ್ಕ ಟೀ ಲೋಟ ಪಕ್ಕಕ್ಕಿಟ್ಟು ಸರ್ಕಾರಿ ಟೈಲನ್ನ ಸರಿಯಾಗಿ ಅಲ್ಲೇ ತಂದು ಕೂರ್ಸಿದ್ಲು. ಆದಾಯ 4 ಬರೋ ಕಡೆ 3 ಬಂತು. ಸುತ್ತಿನ ಕೊನೆಗೆ ಶೇರಿಗೊಂದು ಡಾಲರ್, ಇಂಜಿನ್ ಲೆವೆಲ್ಲಿಗೊಂದು ಡಾಲರ್ ಕಟ್ಟೋವಾಗ ಕೈಯಲ್ಲಿ ಒಂದು ಡಾಲರ್ ಕಮ್ಮಿ, ಆದಾಯ ಇಳೀತು. ಮೂರು ಜನ ಕೂತು ಆಡ್ದಂಗೇ ಅನ್ನಿಸ್ತು!

ಶೇರು, ಖರ್ಚು, ಕೊನೇಲಿ ಶೇರಿಗೆ 3 ಪಾಯಿಂಟ್ ಕಳೆಯೋದು, ಇದ್ಯಾವುದನ್ನೂ ಮುಟ್ಟಿಲ್ಲ, ಮುಟ್ಟಲೂಬಾರ್ದು, ಆಟದ ಜೀವ ಇರೋದೇ ಅಲ್ಲಿ. ಈಗ ಉಳ್ದಿರೋ ತೊಂದ್ರೆ ಒಂದೇ, ಸರ್ಕಾರಿ ಟೈಲನ್ನ ಬರೀ ಅಡ್ಡ ಹಾಕೋಕೇ ಬಳಸ್ತಿದೀವಿ, ಅರ್ಧಂಬರ್ಧ ಹಳಿ ಎಲ್ಲಾ ಕಡೆ ಬಿದ್ದಿರುತ್ತೆ. ಮುಂದಿನ ಭಾನುವಾರದಿಂದ ಶುರು ಮಾಡಿದ ಲೈನ್ ಒಂದು ಊರು ಮುಟ್ಟೋವರೆಗೂ ಹೊಸದು ಶುರು ಮಾಡಂಗಿಲ್ಲ ಅಂತ ಇಟ್ಟು ನೋಡ್ತೀವಿ.