ಮೋಡದೊಳಗಿನ ಶಾಲೆಗೆ ಮೋಡದ ಪುಸ್ತಕಗಳು

ಕೊಡಗಿನ ನಾಪೋಕ್ಲಿನಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಸರ್ಕಾರಿ ಶಾಲೆಯೊಂದರಲ್ಲಿ ನಾನು ಶಿಕ್ಷಕಿ. ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಹೊಣೆ ಒಂಬತ್ತು ವರ್ಷಗಳಿಂದ ನನ್ನ ಮೇಲಿದೆ. ಕಥೆ, ಪದ್ಯ, ಪ್ರಾಣಿಗಳ ಪುಸ್ತಕಗಳನ್ನು ಆರಿಸುವುದು ಅಷ್ಟೇನೂ ಕಷ್ಟವಲ್ಲ. ನನ್ನನ್ನು ಹೆಚ್ಚು ಸತಾಯಿಸಿದ್ದು ಮೋಡ, ಮಳೆ, ಹವಾಮಾನದ ಪುಸ್ತಕಗಳು. ಏಕೆಂದರೆ ಈ ವಿಷಯದಲ್ಲಿ ನಮ್ಮ ಮಕ್ಕಳು ಕಂಡಷ್ಟನ್ನು ಪುಸ್ತಕ ಬರೆದವರಲ್ಲಿ ಅನೇಕರು ಕಂಡಿರಲಾರರು. ಜೂನ್ ಕಳೆಯಿತೆಂದರೆ ಮೋಡ ನಮ್ಮ ಶಾಲೆಯ ಜಗಲಿಗೇ ಬಂದು ಕೂರುತ್ತದೆ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಇಪ್ಪತ್ತು ಹೆಜ್ಜೆ ದೂರದ ಧ್ವಜಸ್ತಂಭ ಕಾಣದ ದಿನಗಳೂ ಇರುತ್ತವೆ.

ಮೊದಲ ವರ್ಷ ನಾನು ಚಿತ್ರಗಳಿಗೆ ಮರುಳಾಗಿ ಪುಸ್ತಕ ಕೊಂಡೆ. ಅವುಗಳಲ್ಲಿ ಒಂದರಲ್ಲಿ, ಕೋಪಗೊಂಡ ಎರಡು ದಪ್ಪ ಮೋಡಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಗುಡುಗು ಹುಟ್ಟುತ್ತದೆ ಎಂದಿತ್ತು. ನಾಲ್ಕನೆಯ ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಟೀಚರ್, ನಿನ್ನೆ ನಾವೂ ಮೋಡದ ಒಳಗೇ ನಡೆದುಕೊಂಡು ಬಂದದ್ದಲ್ವಾ, ಇನ್ನೊಂದು ಮೋಡ ಬಂದು ಡಿಕ್ಕಿ ಹೊಡೆದಿದ್ದರೆ ನಮಗೂ ಪೆಟ್ಟಾಗಬೇಕಿತ್ತಲ್ಲ?" ಎಂದು ಕೇಳಿದ. ಅವನ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ, ಆ ಕ್ಷಣಕ್ಕೆ ನನ್ನಲ್ಲಿಯೂ ಇರಲಿಲ್ಲ. ಮಿಂಚು ಹಾಯುವ ದಾರಿಯಲ್ಲಿರುವ ಗಾಳಿ ಕ್ಷಣಾರ್ಧದಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದು ಒಮ್ಮೆಲೇ ಹಿಗ್ಗುವುದರಿಂದ ಆ ಸದ್ದು ಉಂಟಾಗುತ್ತದೆ ಎಂಬುದನ್ನು ಮರುದಿನ ಓದಿಕೊಂಡು ಬಂದು ಹೇಳಿದೆ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಮಿಂಚು ಎಷ್ಟು ಕಿಲೋಮೀಟರ್ ದೂರದಲ್ಲಿ ಹೊಳೆಯಿತೆಂದು ತಿಳಿಯುತ್ತದೆ ಎಂದಾಗ ಇಡೀ ತರಗತಿ ಮಳೆಗಾಲ ಮುಗಿಯುವವರೆಗೆ ಎಣಿಸುತ್ತಲೇ ಇತ್ತು.

ಅಂದಿನಿಂದ ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಗುಡುಗಿನ ಪುಟವನ್ನೇ ಹುಡುಕುತ್ತೇನೆ. ಅದು ಸರಿಯಾಗಿದ್ದರೆ ಕಾಮನಬಿಲ್ಲಿನ ಚಿತ್ರಕ್ಕೆ ಹೋಗುತ್ತೇನೆ. ಕಾಮನಬಿಲ್ಲನ್ನು ನೋಡುವವನ ಬೆನ್ನಿಗೆ ಸೂರ್ಯನಿರಬೇಕು. ಆದರೂ ಬಿಲ್ಲಿನ ಪಕ್ಕದಲ್ಲಿಯೇ ನಗುವ ಸೂರ್ಯನನ್ನು ಬರೆದ ಪುಸ್ತಕಗಳು ಎಷ್ಟೋ ಇವೆ. ಕೆಂಪು ಹೊರಗಿನ ಅಂಚಿನಲ್ಲಿ, ನೇರಳೆ ಒಳಗಿನ ಅಂಚಿನಲ್ಲಿ ಇದೆಯೇ ಎಂದೂ ನೋಡುತ್ತೇನೆ. ಆಮೇಲೆ ಮೋಡ ಎಂದರೇನು ಎಂದು ಹೇಳುವ ವಾಕ್ಯ. "ಮೋಡವೆಂದರೆ ನೀರಿನ ಆವಿ" ಎಂದು ಬರೆದಿದ್ದರೆ ಪುಸ್ತಕವನ್ನು ಕೆಳಗಿಡುತ್ತೇನೆ. ಆವಿ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಆವಿ ತಣಿದು ಆದ ಸಣ್ಣ ಸಣ್ಣ ನೀರಿನ ಹನಿಗಳು, ಇನ್ನೂ ಮೇಲೆ ಹೋದರೆ ಹಿಮದ ಹರಳುಗಳು. ನಮ್ಮ ಮಕ್ಕಳಿಗೆ ಇದನ್ನು ತೋರಿಸುವುದು ಸುಲಭ: ಮೋಡದಲ್ಲಿ ನಡೆದು ಬಂದ ಹುಡುಗಿಯರ ಹುಬ್ಬಿನ ಮೇಲೂ ಸ್ವೆಟರಿನ ಉಣ್ಣೆಯ ತುದಿಯಲ್ಲೂ ಆ ಹನಿಗಳು ಸಾಸಿವೆಗಿಂತ ಸಣ್ಣದಾಗಿ ಕೂತಿರುತ್ತವೆ.

ಅನುವಾದಿತ ಪುಸ್ತಕಗಳಲ್ಲಿ ನಾನು ಹೆಚ್ಚು ಎಡವಿದ್ದು "ಮಂಜು" ಎಂಬ ಒಂದೇ ಪದದ ಮೇಲೆ. ಕೊಡಗಿನಲ್ಲಿ ಮಂಜು ಎಂದರೆ ಕಣಿವೆಯಿಂದ ಎದ್ದು ತೋಟದ ಸಿಲ್ವರ್ ಓಕ್ ಮರಗಳ ನಡುವೆ ಹರಿದು ಬರುವಂಥದ್ದು, ಬಸ್ಸಿನವರು ಹಗಲಲ್ಲೇ ದೀಪ ಹಾಕಿಕೊಳ್ಳುವಂತೆ ಮಾಡುವಂಥದ್ದು. ಆದರೆ ಶೀತದೇಶದ ಕಥೆ ಕನ್ನಡಕ್ಕೆ ಬಂದಾಗ ಆಕಾಶದಿಂದ ಬಿದ್ದು ನೆಲದ ಮೇಲೆ ಬೆಳ್ಳಗೆ ಕೂರುವ ಹಿಮವೂ ಮಂಜೇ, ಬೆಳಿಗ್ಗೆ ಹುಲ್ಲಿನ ಮೇಲಿನ ಇಬ್ಬನಿಯೂ ಮಂಜೇ, ಕೆಲವೊಮ್ಮೆ ಮಂಜುಗಡ್ಡೆಯೂ ಮಂಜೇ. "ಮಕ್ಕಳು ಮಂಜನ್ನು ಉಂಡೆ ಕಟ್ಟಿ ಎಸೆದಾಡಿದರು" ಎಂದು ಓದಿದ ಮೂರನೆಯ ತರಗತಿಯ ಹುಡುಗಿ ಕಿಟಕಿಯ ಹೊರಗೆ ಕೈ ಚಾಚಿ, ಗಾಳಿಯನ್ನು ಹಿಡಿದು ಮುಷ್ಟಿ ಬಿಗಿದು, ಬಿಡಿಸಿ ನೋಡಿಕೊಂಡಳು. ಅವಳ ಅಂಗೈ ಒದ್ದೆಯಾಗಿತ್ತೇ ಹೊರತು ಉಂಡೆ ಇರಲಿಲ್ಲ. ಹಿಮ, ಮಂಜು, ಇಬ್ಬನಿ, ಆಲಿಕಲ್ಲು ಎಂಬ ನಾಲ್ಕನ್ನೂ ಬೇರೆ ಬೇರೆಯಾಗಿ ಹೇಳುವ ಪುಸ್ತಕಕ್ಕೆ, ಚಿತ್ರಗಳು ಸಾಧಾರಣವಾಗಿದ್ದರೂ, ನಾನು ಹಣ ಕೊಡುತ್ತೇನೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಮಾತನಾಡುವ ಮನೆಗಳಿಂದ ಮಕ್ಕಳು ಬರುವ ತರಗತಿಯಲ್ಲಿ ಪದವೊಂದು ಜಾರಿದರೆ ಅದನ್ನು ಎತ್ತಿ ನಿಲ್ಲಿಸುವುದಕ್ಕೆ ಒಂದು ಪಿರಿಯಡ್ಡೇ ಬೇಕಾಗುತ್ತದೆ.

ಮೋಡಗಳ ವಿಧಗಳನ್ನು ಹೇಳುವ ಪುಸ್ತಕಗಳ ಬಗ್ಗೆ ನನ್ನ ಅಭಿಪ್ರಾಯ ಕಾಲಕ್ರಮದಲ್ಲಿ ಬದಲಾಗಿದೆ. ಲಂಡನ್ನಿನ ಔಷಧ ವ್ಯಾಪಾರಿ ಲ್ಯೂಕ್ ಹೋವರ್ಡ್ 1802ರಲ್ಲಿ ಮೋಡಗಳಿಗೆ ಲ್ಯಾಟಿನ್ ಹೆಸರುಗಳನ್ನು ಸೂಚಿಸಿದ; ಕ್ಯುಮುಲಸ್ ಎಂದರೆ ರಾಶಿ, ಸ್ಟ್ರೇಟಸ್ ಎಂದರೆ ಪದರ, ಸಿರಸ್ ಎಂದರೆ ಗುಂಗುರು ಕೂದಲು. ಇಂದು ವಿಶ್ವ ಹವಾಮಾನ ಸಂಸ್ಥೆ ಗುರುತಿಸುವ ಹತ್ತು ಮುಖ್ಯ ಪ್ರಕಾರಗಳ ಹೆಸರುಗಳ ಬೇರು ಅಲ್ಲಿದೆ. ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡಿಸುವ ಪುಸ್ತಕ ನನಗೆ ಬೇಡ. ರಾಶಿ ಮೋಡ, ಪದರು ಮೋಡ ಎಂದು ಕಣ್ಣಿಗೆ ಕಟ್ಟುವಂತೆ ಹೇಳಿ, ಲ್ಯಾಟಿನ್ ಹೆಸರನ್ನು ಪಕ್ಕದಲ್ಲಿ ಇಟ್ಟರೆ ಸಾಕು. ಆದರೆ ಇಂಥ ಪುಸ್ತಕವನ್ನು ಯಾವಾಗ ಹೊರತೆಗೆಯಬೇಕೆಂಬುದನ್ನು ನಾನು ತಡವಾಗಿ ಕಲಿತೆ. ಜುಲೈಯಲ್ಲಿ ಪಾಠಕ್ಕೆ ಹೊಂದುತ್ತದೆಂದು ಓದುವ ಮೂಲೆಯಲ್ಲಿಟ್ಟರೆ ಮಕ್ಕಳಿಗೆ ಹೊರಗೆ ಕಾಣುವುದು ದಿನವಿಡೀ ಒಂದೇ ಬೂದು ಬಣ್ಣ, ಪುಸ್ತಕದಲ್ಲಿರುವ ನೀಲಿ ಆಕಾಶವೂ ಇಲ್ಲ, ಅದರಲ್ಲಿ ತೇಲುವ ರಾಶಿಯೂ ಇಲ್ಲ. ಈಗ ಅವುಗಳನ್ನು ಎರಡು ಸಲ ಹೊರತೆಗೆಯುತ್ತೇನೆ: ಮೊದಲು ತುಲಾ ಸಂಕ್ರಮಣ ಕಳೆದು ಆಕಾಶ ತೊಳೆದಂತಾದಾಗ, ಮತ್ತೆ ಮಾರ್ಚ್‌ನಲ್ಲಿ, ಮಧ್ಯಾಹ್ನದ ಹೊತ್ತಿಗೆ ಮೋಡ ಹೂಕೋಸಿನಂತೆ ಬೆಟ್ಟದ ಮೇಲೆ ಬೆಳೆಯತೊಡಗಿದಾಗ. ಆಗ ಮಕ್ಕಳು ಪುಸ್ತಕವನ್ನು ಜಗಲಿಗೆ ಒಯ್ದು, ಪುಟ ಮತ್ತು ಆಕಾಶವನ್ನು ಹೋಲಿಸಿ ನೋಡುತ್ತಾರೆ.

ಮಳೆ ಬಂದರೆ ಎಲ್ಲರಿಗೂ ಖುಷಿ ಎಂದು ಕಾಗದದ ದೋಣಿ, ಬಣ್ಣದ ಕೊಡೆಗಳಲ್ಲೇ ಮುಗಿದುಹೋಗುವ ಪುಸ್ತಕಗಳನ್ನು ಒಂದಕ್ಕಿಂತ ಹೆಚ್ಚು ಕೊಳ್ಳುವುದಿಲ್ಲ. ಫೆಬ್ರುವರಿ ಕೊನೆಯಲ್ಲೋ ಮಾರ್ಚ್‌ನಲ್ಲೋ ಒಂದಿಂಚು ಹೂಮಳೆ ಬಿದ್ದರೆ ಎಂಟು–ಹತ್ತು ದಿನಗಳಲ್ಲಿ ಕಾಫಿ ತೋಟವೆಲ್ಲ ಬೆಳ್ಳಗಾಗುತ್ತದೆ; ಅದೇ ಒಂದಿಂಚು ಜನವರಿಯಲ್ಲಿ, ಹಣ್ಣು ಕೊಯ್ದು ಕಣದಲ್ಲಿ ಹರಡಿದ್ದಾಗ ಬಿದ್ದರೆ ಮನೆಯಲ್ಲಿ ಅಂದು ಯಾರೂ ಸರಿಯಾಗಿ ಊಟ ಮಾಡುವುದಿಲ್ಲ. ಇದು ಒಂದನೆಯ ತರಗತಿಯ ಮಗುವಿಗೂ ಗೊತ್ತು. ಮಳೆ ನಕ್ಷತ್ರಗಳ ವಿಷಯದಲ್ಲಿಯೂ ನನಗೆ ಪುಸ್ತಕಗಳ ಮೇಲೆ ಸ್ವಲ್ಪ ಮುನಿಸಿದೆ. ಕೆಲವು ಪುಸ್ತಕಗಳು ಅವನ್ನು ಮೂಢನಂಬಿಕೆ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತವೆ, ಕೆಲವು ಹವಾಮಾನ ಇಲಾಖೆಯ ಮುನ್ಸೂಚನೆಯೋ ಎಂಬಂತೆ ಹೊಗಳುತ್ತವೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು–ಹದಿನಾಲ್ಕು ದಿನ ಇರುವ ಲೆಕ್ಕ ಇದಾದ್ದರಿಂದ ಆರಿದ್ರಾ ಪ್ರತಿವರ್ಷ ಜೂನ್ 22ರ ಆಸುಪಾಸಿನಲ್ಲೇ ಬರುತ್ತದೆ, ಮುಂಗಾರು ಬಲಿಯುವ ಕಾಲವೂ ಅದೇ, ಹಾಗಾಗಿ "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಎಂಬ ಮಾತು ಹುಟ್ಟಿದೆ ಎಂದು ಅಜ್ಜಿಯರ ಲೆಕ್ಕವನ್ನು ಗೌರವದಿಂದ ವಿವರಿಸುವ ಒಂದೇ ಒಂದು ತೆಳು ಪುಸ್ತಕ ನಮ್ಮ ಕಪಾಟಿನಲ್ಲಿದೆ.

ಮಾಡಿ ನೋಡುವ ಪ್ರಯೋಗಗಳಿರುವ ಪುಸ್ತಕವನ್ನು ಈಗ ನಾನೇ ಮಾಡಿ ನೋಡದೆ ಮಕ್ಕಳಿಗೆ ಕೊಡುವುದಿಲ್ಲ. ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನು ಬುಡಮೇಲಾಗಿ ಆಲಿಕೆಯಂತೆ ಕೂರಿಸಿ ಮಳೆಮಾಪಕ ಮಾಡುವುದನ್ನು ಒಂದು ಪುಸ್ತಕ ಹೇಳಿತ್ತು. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಮೊದಲು ಸಮತಲ ಬರುವವರೆಗೆ ನೀರು ತುಂಬಿಸಿ ಅಲ್ಲಿಂದ ಸೊನ್ನೆ ಗುರುತು ಹಾಕಬೇಕೆಂದು ಅದು ಹೇಳಿರಲಿಲ್ಲ. ದಿನವೂ ಒಂದೇ ಹೊತ್ತಿಗೆ ಅಳೆದು ಖಾಲಿ ಮಾಡಬೇಕೆಂದೂ ಹೇಳಿರಲಿಲ್ಲ. ಶನಿವಾರ ಖಾಲಿ ಮಾಡಿ ಇಟ್ಟುಹೋದ ಬಾಟಲಿ ಸೋಮವಾರ ತುಂಬಿ ಚೆಲ್ಲಿ, ಪಕ್ಕದ ಕಾಫಿ ಗಿಡದ ಬುಡದಲ್ಲಿ ಉರುಳಿಕೊಂಡಿತ್ತು. ಶಾಲೆಗೆ ಹತ್ತಿರದ ತೋಟದಲ್ಲಿ ಲೆಕ್ಕ ಬರೆಯುವ ರೈಟರನ್ನು ಮಕ್ಕಳು ಕೇಳಿದಾಗ ಅವರು ಪುಸ್ತಕ ತೆರೆದು ಎರಡು ದಿನಗಳ ಲೆಕ್ಕ ಓದಿದರು, ಇಂಚು ಮತ್ತು ಸೆಂಟ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಭಾಗ). ಮಕ್ಕಳ ಪುಸ್ತಕದಲ್ಲಿದ್ದದ್ದು ಮಿಲಿಮೀಟರ್. ಒಂದಿಂಚಿಗೆ 25.4 ಮಿಲಿಮೀಟರ್ ಎಂದು ಗುಣಿಸುತ್ತಾ ಕೂತ ಆರನೆಯ ತರಗತಿಗೆ ದಶಮಾಂಶದ ಗುಣಾಕಾರ ಅಲ್ಲಿಯೇ ಗಟ್ಟಿಯಾಯಿತು. ಅದೇ ವಾರ ಘಟ್ಟದ ಆಚೆ, ಕೊಡಗಿನ ಪೂರ್ವದ ಅಂಚಿನ ಕುಶಾಲನಗರದಲ್ಲಿರುವ ಅತ್ತೆಗೆ ಫೋನ್ ಮಾಡಿದ ಹುಡುಗನೊಬ್ಬ, ಅಲ್ಲಿ ಬಟ್ಟೆ ಒಣಗಿಸಿದ್ದಾರಂತೆ ಎಂದು ಅಸೂಯೆಯಿಂದ ವರದಿ ಮಾಡಿದ. ಗಾಳಿ ಘಟ್ಟವನ್ನು ಏರುವಾಗ ತಣಿದು ನೀರನ್ನು ಈಚೆಗೆ ಸುರಿಸಿ, ಆಚೆಗೆ ಬರಿದಾಗಿ ಇಳಿಯುತ್ತದೆ ಎಂಬ ಚಿತ್ರವಿಲ್ಲದ ಜಲಚಕ್ರದ ಪುಸ್ತಕ ಕೊಡಗಿಗೆ ಅರ್ಧ ಪುಸ್ತಕವೇ ಸರಿ.

ಒಂದು ಪುಸ್ತಕವನ್ನು ಮಾತ್ರ ತಪ್ಪಿಲ್ಲದಿದ್ದರೂ ಬೀರುವಿನಲ್ಲಿ ಬೇರೆಯಾಗಿ ಇಟ್ಟಿದ್ದೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನ ಸುತ್ತಮುತ್ತ ಗುಡ್ಡಗಳು ಜರಿದ ಮೇಲೆ, ಪರಿಹಾರ ಕೇಂದ್ರದಲ್ಲಿದ್ದು ಬಂದ ಮಗುವೊಂದು ನಮ್ಮ ಶಾಲೆಗೆ ಸೇರಿತ್ತು. ಪ್ರವಾಹದಲ್ಲಿ ಮನೆ ತೇಲಿಹೋಗುವ ಚಿತ್ರವಿದ್ದ ಪುಟ ಬಂದಾಗ ಆ ಮಗು ಪುಸ್ತಕವನ್ನು ಮೆಲ್ಲನೆ ಮುಚ್ಚಿ, ತನ್ನ ಕೆಳಗಿಟ್ಟುಕೊಂಡು ಅದರ ಮೇಲೆ ಕೂತುಬಿಟ್ಟಿತು. ಅಂಥ ಪುಸ್ತಕ ಇರಬೇಕು, ಆದರೆ ಹೊರಗೆ ಮಳೆ ಹೊಡೆಯುತ್ತಿರುವಾಗ ಅಲ್ಲ, ದೊಡ್ಡವರು ಪಕ್ಕದಲ್ಲಿ ಕೂತು ಓದಬೇಕು.

ಕೊನೆಗೆ ಕಾಗದದ ವಿಷಯ. ಹೊಳೆಯುವ ಆರ್ಟ್ ಪೇಪರಿನ ಪುಟಗಳು ಕಕ್ಕಡದ, ಅಂದರೆ ಜುಲೈ–ಆಗಸ್ಟ್‌ನ ಕೊಡವ ತಿಂಗಳ, ತೇವಕ್ಕೆ ಒಂದಕ್ಕೊಂದು ಅಂಟಿಕೊಂಡು, ಬಿಡಿಸಹೋದರೆ ಚಿತ್ರ ಕಿತ್ತು ಬರುತ್ತದೆ. ಪಿನ್ನು ಹೊಡೆದ ಪುಸ್ತಕಗಳ ಪಿನ್ನು ಎರಡನೆಯ ಮಳೆಗಾಲಕ್ಕೇ ತುಕ್ಕು ಹಿಡಿಯುತ್ತದೆ, ಬರೀ ಗೋಂದಿನ ಬೈಂಡಿಂಗ್ ಬಿಟ್ಟುಕೊಳ್ಳುತ್ತದೆ. ದಾರದಿಂದ ಹೊಲಿದ, ಮಂಕು ಕಾಗದದ ಪುಸ್ತಕವನ್ನೇ ಹುಡುಕಿ, ನವೆಂಬರ್‌ನಲ್ಲಿ ತರಿಸಿಕೊಳ್ಳುತ್ತೇನೆ. ಮೇ ಕೊನೆಯಲ್ಲಿ ಅವುಗಳನ್ನೆಲ್ಲ ಒಮ್ಮೆ ಬಿಸಿಲಿಗೆ ಹಾಕಿ, ಬೀರುವಿನೊಳಗೆ ಒಂದು ಸಣ್ಣ ಬಲ್ಬ್ ಉರಿಸಿಟ್ಟು, ಬಾಗಿಲು ಹಾಕುತ್ತೇವೆ. ಹೀಗೆ ಮಾಡಿದರೂ ಕಳೆದ ವರ್ಷ ಕೆಳಗಿನ ಅರೆಯಲ್ಲಿದ್ದ ಮೂರು ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ಅವುಗಳಲ್ಲಿ ಒಂದು, ಮೋಡಗಳು ಡಿಕ್ಕಿ ಹೊಡೆಯುವ ಆ ಹಳೆಯ ಪುಸ್ತಕ, ಅದನ್ನು ಮಾತ್ರ ನಾನು ಒರೆಸಲು ಹೋಗಲಿಲ್ಲ.